ಬುತ್ತಿ ತಂದ ಕ್ಯಾಪ್ಟನ್

ನಿನ್ನೆ ಮಧ್ಯಾಹ್ನ ಅವ್ವ ಅಡುಗೆಮನೆಯ ಮೇಲಿನ ಹಲಗೆಯಿಂದ ಆ ಸ್ಟೀಲಿನ ಡಬ್ಬಿ ಇಳಿಸಲು ಹೇಳಿದಳು. ಹೇಳಿದಳು ಅನ್ನುವುದಕ್ಕಿಂತ ಗಂಟುಬಿದ್ದಳು ಅನ್ನಬೇಕು. ನಾನು ಶಾಲೆಯಿಂದ ಬಂದು ಇನ್ನೂ ವ್ಯಾನಿಟಿ ಬ್ಯಾಗು ಕೆಳಗಿಟ್ಟಿರಲಿಲ್ಲ. "ನಾಳೆ ಇಳಿಸಿದ್ರ ಆಗೂದಿಲ್ಲೇನವ್ವ?" ಅಂದರೆ ಕೇಳುವ ಪೈಕಿಯಲ್ಲ ಆಕೆ. ಗೊಣಗುತ್ತಲೇ ಸ್ಟೂಲ್ ಹತ್ತಿ, ಇಳಿಸಿ, ಸೆರಗಿನಿಂದ ಧೂಳು ಒರೆಸಿ ಮುಚ್ಚಳ ತೆಗೆದೆ. ಒಳಗಿನಿಂದ ಅಗಸಿ ಚಟ್ನಿಯ ವಾಸನೆ ಬಂತು. ಹುರಿದ ಅಗಸಿ, ಬಳ್ಳೊಳ್ಳಿ, ಒಂದಿಷ್ಟು ಹಳೇ ಎಣ್ಣೆ... ಎಷ್ಟು ಸಲ ತಿಕ್ಕಿ ತೊಳೆದಿಟ್ಟರೂ ಮುಚ್ಚಳದ ಅಂಚಿನಲ್ಲಿ ಅದು ಉಳಿದುಬಿಟ್ಟಿದೆ. ಈ ಡಬ್ಬಿ ನಮ್ಮದಲ್ಲ. ಇದನ್ನು ನಮ್ಮ ಮನೆಗೆ ತಂದವರು ಒಬ್ಬ ವಿಮಾನದ ಕ್ಯಾಪ್ಟನ್.

ವಿಮಾನದ ಕ್ಯಾಪ್ಟನ್‌ಗೂ ನಮಗೂ ಎಲ್ಲಿಯ ಸಂಬಂಧ ಅಂತ ಯಾರಾದರೂ ಕೇಳಬಹುದು. ಹುಬ್ಬಳ್ಳಿಯ ಅಮರಗೋಳದಲ್ಲಿ, ಕೃಷಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ನಾನು ಸರಕಾರಿ ಶಾಲೆಯ ಶಿಕ್ಷಕಿ. ಅವ್ವ ಮಾರುಕಟ್ಟೆಯಲ್ಲಿ ಕಾಳು ತೂರುವ, ಕೇರುವ, ಹಸನು ಮಾಡುವ ಕೆಲಸಕ್ಕೆ ಹೋಗುತ್ತಿದ್ದಳು. ಅಪ್ಪ ಬೇಗ ಹೋದ. ಆಮೇಲೆ ನನ್ನನ್ನೂ ನನ್ನ ತಮ್ಮನನ್ನೂ ಅವ್ವ ಆ ಮೊರದ ಮೇಲೆಯೇ ಸಾಕಿದಳು. ನನ್ನನ್ನು ಓದಿಸಿದಳು. ತಮ್ಮ ಓದಲಿಲ್ಲ, ಪುಸ್ತಕ ಕಂಡರೆ ಅವನಿಗೆ ನಿದ್ದೆ, ಎಂಜಿನ್ ಕಂಡರೆ ಎಚ್ಚರ. ಗೋಕುಲ ರಸ್ತೆಯ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಆದ.

ಆ ಗ್ಯಾರೇಜಿನ ತಲೆಯ ಮೇಲೇ ವಿಮಾನಗಳು ಏರಿ ಹೋಗುತ್ತಿದ್ದವು. ಕೈಯಲ್ಲಿ ಪಾನಾ ಹಿಡಿದುಕೊಂಡೇ ಮೇಲೆ ನೋಡುತ್ತ ನಿಲ್ಲುತ್ತಿದ್ದನಂತೆ. ಮನೆಗೆ ಬಂದರೆ ನನ್ನ ಬೆನ್ನು ಹತ್ತುತ್ತಿದ್ದ. "ಅಕ್ಕಾ, ಸರಕಾರಿ ನೌಕರಿ ನಿಂದು, ಒಮ್ಮೆರ ವಿಮಾನದಾಗ ನನ್ನ ಕುಂದ್ರಸ." ನಾನು, "ಮೊದಲ ತಲಿಗೆ ಹೆಲ್ಮೆಟ್ ಹಾಕ್ಕೊಳ್ಳೂದು ಕಲಿ, ಆಮ್ಯಾಲ ವಿಮಾನ" ಅನ್ನುತ್ತಿದ್ದೆ. ಅವನು ಗಬ್ಬೂರ ಬೈಪಾಸಿನ ಹತ್ತಿರ ಬೈಕಿನಿಂದ ಬಿದ್ದ ದಿನ ಹೆಲ್ಮೆಟ್ ಮನೆಯ ಮೊಳೆಗೆ ನೇತಾಡುತ್ತಿತ್ತು. ಸುಡುಗಾಡು ಹೆಲ್ಮೆಟ್ಟು... ಆಮೇಲೆ ಅದನ್ನು ಯಾರು ತೆಗೆದರೋ, ಎಲ್ಲಿಟ್ಟರೋ ನನಗೆ ನೆನಪಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಮಿದುಳು ಸತ್ತಿದೆ ಅಂದರು. ಅವ್ವನಿಗೆ ಅದು ಅರ್ಥವಾಗಲಿಲ್ಲ. ಮಗನ ಎದೆ ಏರಿಳಿಯುತ್ತಿತ್ತು, ಮೈ ಬೆಚ್ಚಗಿತ್ತು, ಇನ್ನು ಸಾವು ಅಂದರೆ ಹೇಗೆ ನಂಬಬೇಕು? ನನಗೂ ನಂಬಿಕೆ ಬರಲಿಲ್ಲ, ಓದಿದವಳಾಗಿ ತಲೆಯಾಡಿಸಿದೆ ಅಷ್ಟೇ. ಆಮೇಲೆ ಅಂಗದಾನದ ವಿಷಯ ಮಾತಾಡುವ ಹುಡುಗಿಯೊಬ್ಬಳು ಬಂದು ನಮ್ಮ ಪಕ್ಕ ಕೂತಳು. ಕಿಡ್ನಿ, ಕಣ್ಣು, ಲಿವರ್ ಅಂತ ಮೆತ್ತಗೆ ಹೇಳುತ್ತ ಹೋದಳು. ಅವ್ವ ಯಾವುದಕ್ಕೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹೃದಯ ಅಂದಾಗ ಮಾತ್ರ ತಲೆ ಎತ್ತಿದಳು.

"ಎದಿ ಬಡಕೋಂತ ಇರ್ತೈತೇನು?"

"ಇರ್ತದ್ರೀ ಅಮ್ಮಾ. ಬೆಂಗಳೂರಾಗ ಒಬ್ಬರಿಗೆ ಹಾಕ್ತಾರ. ಅವರ ಮೈಯಾಗ ಬಡಕೋಂತನ ಇರ್ತದ."

ಅವ್ವ ತಮ್ಮನ ಎದೆಯ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಕೂತಳು. ಕಾಳು ಹಸನು ಮಾಡಿ ಮಾಡಿ ಬಿರುಕುಬಿಟ್ಟ ಕೈ. ಆಮೇಲೆ, "ಹಂಗಾದ್ರ ಕೊಡ್ರಿ" ಅಂದಳು. ಅವಳು ಒಪ್ಪಿದ್ದು ಆ ಒಂದು ಮಾತಿಗೆ. ಉಳಿದದ್ದೆಲ್ಲ ಅದರ ಹಿಂದೆ ಹೋಯಿತು. ಮಗ ಎಲ್ಲೋ ಒಂದು ಕಡೆ ಬಡಿದುಕೊಳ್ಳುತ್ತ ಇರುತ್ತಾನೆ ಅನ್ನುವುದನ್ನು ಸೆರಗಿಗೆ ಗಂಟು ಹಾಕಿಕೊಂಡು ಆಕೆ ಆಸ್ಪತ್ರೆಯ ಬೆಂಚಿನಿಂದ ಎದ್ದಳು.

ಮೈಯಿಂದ ತೆಗೆದ ಹೃದಯಕ್ಕೆ ಕೆಲವೇ ತಾಸಿನ ಆಯುಷ್ಯ. ರಸ್ತೆ ಹಿಡಿದು ಬೆಂಗಳೂರು ಮುಟ್ಟುವಷ್ಟು ಪುರುಸೊತ್ತು ಅದಕ್ಕಿಲ್ಲ. ಅದಕ್ಕೆಂದೇ ಬೆಂಗಳೂರಿನ ಡಾಕ್ಟರುಗಳು ಬಾಡಿಗೆಯ ಸಣ್ಣ ವಿಮಾನದಲ್ಲಿ ಬಂದಿದ್ದರು. ನಾನು ಮತ್ತು ಅವ್ವ ಆಸ್ಪತ್ರೆಯ ಗೇಟಿನಲ್ಲಿ ನಿಂತಿದ್ದಾಗ ಆಂಬ್ಯುಲೆನ್ಸು ಸದ್ದು ಮಾಡುತ್ತ ಹೊರಟಿತು. ಪೊಲೀಸರು ರಸ್ತೆ ಖಾಲಿ ಮಾಡಿಸಿದ್ದರು. ಜನ ನಿಂತು ಕೈಮುಗಿದರು. ಅವ್ವ ಕೈಮುಗಿಯಲಿಲ್ಲ, ಊರಿಗೆ ಹೊರಟ ಮಗನಿಗೆ ಮಾಡುವಂತೆ ಕೈ ಬೀಸಿದಳು.

ಅಡ್ಡಮಳೆಯ ದಿನಗಳು ಅವು. ಮುಂಗಾರು ಇನ್ನೂ ದೂರವಿರುವಾಗಲೇ, ಉರಿಬಿಸಿಲಿನ ಬೆನ್ನಿಗೆ ಗುಡುಗು, ಗಾಳಿ, ಆಣೆಕಲ್ಲು ತರುವ ಮಳೆ. ಆಂಬ್ಯುಲೆನ್ಸು ಹೋದ ದಿಕ್ಕಿನಲ್ಲೇ ಮೋಡ ಎದ್ದಿತ್ತು. ಮೇಲೆ ಬೆಳ್ಳಗೆ, ಕೆಳಗೆ ಕರ್ರಗೆ. ನನ್ನ ಕಣ್ಣಿಗೆ ಬಿದ್ದಿತ್ತು, ಆದರೆ ಮನಸ್ಸಿಗೆ ಬರಲಿಲ್ಲ. ತಮ್ಮನ ದೇಹ ಇನ್ನೂ ಒಳಗಿತ್ತು, ಅದನ್ನು ಮನೆಗೆ ಒಯ್ಯುವ ಚಿಂತೆಯಲ್ಲಿ ಮುಗಿಲು ನೋಡಿ ಏನು ಮಾಡಲಿ?

ಸಂಜೆ, ಮನೆಯಲ್ಲಿ ಹೆಂಗಸರು ಗೋಳಾಡುತ್ತಿರುವಾಗ, ಆ ಹುಡುಗಿಯ ಫೋನು ಬಂತು. ಆಕೆಯೇ ಅಳುತ್ತಿದ್ದಳು. ವಿಮಾನ ಹಾರಲಿಲ್ಲವಂತೆ. ಹವಾಮಾನ ಸರಿಯಿಲ್ಲ ಅಂತ ಕ್ಯಾಪ್ಟನ್ ಒಪ್ಪಲಿಲ್ಲವಂತೆ. ಒಂದು ಮಳೆ ಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಂತಂತೆ. ಹೊತ್ತು ಮೀರಿತು. ಕಣ್ಣು, ಕಿಡ್ನಿ ಇಲ್ಲೇ ಯಾರಿಗೋ ಸಿಕ್ಕವು. ಹೃದಯ ಮಾತ್ರ ಯಾರಿಗೂ ಆಗಲಿಲ್ಲ.

ಅವ್ವನಿಗೆ ಹೇಳದೆ ಇರಲಾಗಲಿಲ್ಲ, ಫೋನು ಬಂದದ್ದನ್ನು ನೋಡಿದ್ದಳು. ಕೇಳಿಸಿಕೊಂಡು, "ಅಂದ್ರ ಈಗ ಸತ್ತ ನನ್ನ ಮಗ" ಅಂದಳು. ಅಲ್ಲಿಯತನಕ ಅತ್ತಿರದವಳು ಆಗ ಅತ್ತಳು. ಎದೆ ಬಡಿದುಕೊಂಡು, ಗೋಡೆಗೆ ತಲೆ ಬಡಿದುಕೊಂಡು... ಹಿಡಿಯಲು ನಾಲ್ಕು ಮಂದಿ ಬೇಕಾಯಿತು.

ಮರುದಿನ ಪೇಪರಿನಲ್ಲಿ ತಮ್ಮನ ಫೋಟೋ ಬಂತು, ನಮ್ಮ ಓಣಿಯ ಹೆಸರೂ ಬಂತು. ಹಾರದ ವಿಮಾನದ ಸುದ್ದಿಯೂ ಬಂತು. ಮೊಬೈಲಿನಲ್ಲಿ ಊರ ಮಂದಿಯೆಲ್ಲ ನ್ಯಾಯಾಧೀಶರಾದರು. ಅಂಜುಬುರುಕ, ಹೇಡಿ, ಒಂದು ಹನಿ ಮಳೆಗೆ ಹೆದರಿದವ ಅಂತ ಆ ಕ್ಯಾಪ್ಟನ್‌ನನ್ನು ಬೈದದ್ದೇ ಬೈದದ್ದು. ನಾನೇನು ಸುಮ್ಮನಿದ್ದೆನೇ? ನನ್ನ ಬಾಯಿ ಓಣಿಗೇ ಗೊತ್ತು. ಅವನ ಮುಖ ಕಂಡವಳಲ್ಲ, ಹೆಸರು ಕೇಳಿದವಳಲ್ಲ, ಆದರೂ ಅವನ ವಂಶವನ್ನೆಲ್ಲ ತೊಳೆದೆ.

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆಂಟರು, ಬೀಗರು, ಓಣಿಯವರು ಬುತ್ತಿ ತರುತ್ತಾರೆ. ರೊಟ್ಟಿ, ಪಲ್ಯ, ಅನ್ನ, ಸಾರು ಕಟ್ಟಿಕೊಂಡು ಬಂದು, ಎದುರಿಗೆ ಕೂತು, ಎರಡು ತುತ್ತು ಉಣ್ಣಿಸಿಯೇ ಏಳುತ್ತಾರೆ. ಉಣ್ಣಲಾರೆ ಅಂದವರನ್ನು ಬೈದು ಉಣ್ಣಿಸುವ ಹಕ್ಕು ಬುತ್ತಿ ತಂದವರಿಗೆ ಇರುತ್ತದೆ. ಮೂರನೆಯ ದಿನ ಬುದ್ಧನ ಫೋಟೋದ ಮುಂದೆ ವಂದನೆ ಮುಗಿಸಿ ನಾವು ಹಾಗೇ ಕೂತಿದ್ದೆವು. ಬಾಗಿಲಲ್ಲಿ ಒಬ್ಬರು ಬಂದು ನಿಂತರು. ಎತ್ತರದ ಆಳು, ನೆತ್ತಿಯ ಕೂದಲು ಉದುರಿತ್ತು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೈಯಲ್ಲಿ ಹೊಚ್ಚ ಹೊಸ ಸ್ಟೀಲಿನ ಡಬ್ಬಿ. ಅಂಗಡಿಯ ಚೀಟಿ ಇನ್ನೂ ಅದಕ್ಕೆ ಅಂಟಿಕೊಂಡಿತ್ತು.

ಯಾರೋ ತಮ್ಮನ ಗ್ಯಾರೇಜಿನ ಗಿರಾಕಿ ಇರಬೇಕು ಅಂದುಕೊಂಡೆವು. ನನ್ನ ಸೋದರಮಾವ ಎದ್ದು, "ಬರ್ರಿ, ಒಳಗ ಬರ್ರಿ" ಅಂತ ಡಬ್ಬಿ ಇಸಿದುಕೊಂಡ. ಹೆಂಗಸರು ಬಿಚ್ಚಿದರು. ಮೇಲಿನ ಖಾನೆಯಲ್ಲಿ ಜೋಳದ ರೊಟ್ಟಿ, ಅದರ ಕೆಳಗೆ ಬದನೆಕಾಯಿ ಪಲ್ಯ, ಅಗಸಿ ಚಟ್ನಿ. ಎಲ್ಲಕ್ಕಿಂತ ಕೆಳಗೆ ಹೋಳಿಗೆ! "ಅಯ್ಯ ನನ್ನವ್ವ, ಸತ್ತ ಮನಿಗೆ ಯಾರರ ಹೋಳಿಗಿ ತರ್ತಾರೇನು?" ಅಂತ ನಮ್ಮ ಅತ್ತೆ ಮೂಗಿನ ಮೇಲೆ ಬೆರಳಿಟ್ಟಳು. ಆ ಮನುಷ್ಯ ಬೆವರಿಬಿಟ್ಟರು. ಸಾವಿನ ಮನೆಗೆ ಬರಿಗೈಯಲ್ಲಿ ಹೋಗಬಾರದು, ಬುತ್ತಿ ಒಯ್ಯಬೇಕು ಅಂತ ಆಟೋದವನು ಹೇಳಿದ್ದನಂತೆ. ಡಬ್ಬಿ ಕೊಂಡು, ಗೋಕುಲ ರಸ್ತೆಯ ಖಾನಾವಳಿಯಲ್ಲಿ ತುಂಬಿಸಿಕೊಂಡು ಬಂದಿದ್ದರು. ಯಾತಕ್ಕೆ ಅಂತ ಅಲ್ಲಿಯವರಿಗೆ ಹೇಳಿರಲಿಲ್ಲ. ಪರಊರಿನ ಸಾಹೇಬರು ಅಂತ ಖಾನಾವಳಿಯವರು ಪ್ರೀತಿಯಿಂದ ಹೋಳಿಗೆ ಹಾಕಿಬಿಟ್ಟಿದ್ದರು.

"ಯಾರ್ರೀ ನೀವು?" ಅಂದೆ.

ಅವರು ಅವ್ವನ ಕಡೆ ನೋಡುತ್ತ, ಮೈಸೂರ ಕಡೆಯ ಕನ್ನಡದಲ್ಲಿ, "ಅಮ್ಮ, ಅವತ್ತು ವಿಮಾನ ಹಾರಿಸದೇ ಇದ್ದವನು ನಾನೇ" ಅಂದರು.

ಮಾವ ಎದ್ದ ರಭಸಕ್ಕೆ ಚೊಂಬಿನ ನೀರು ಚೆಲ್ಲಿತು. ನಾನು ಏನೇನು ಅಂದೆನೋ ಎಲ್ಲ ಬರೆಯಲಾರೆ. ಹೊಟ್ಟೆಯೊಳಗಿನದನ್ನೆಲ್ಲ ಕಾರಿದೆ. ಅವರು ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕದಲ್ಲೇ ನೆಲದ ಮೇಲೆ ಕೂತರು. ಕೊನೆಗೆ ಅವ್ವ ಕೈ ಎತ್ತಿದ ಮೇಲೆ ನನ್ನ ಬಾಯಿ ನಿಂತಿತು.

"ನನ್ನ ಮಗನ ಎದಿ ನೋಡಿದ್ರೇನು ನೀವು?"

"ಪೆಟ್ಟಿಗೆ ನೋಡಿದೆ ಅಮ್ಮ. ನನ್ನ ಹಿಂದಿನ ಸೀಟಿನಲ್ಲೇ ಇಟ್ಟು ಬೆಲ್ಟ್ ಹಾಕಿದ್ರು."

ಕೊನೆಗೂ ತಮ್ಮ ವಿಮಾನದಲ್ಲಿ ಕೂತಿದ್ದ. ಕೂತು, ಹಾರದೆ, ಇಳಿದಿದ್ದ. ಅದು ನೆನಪಾಗಿ ನಾನು ಗೋಡೆಯ ಕಡೆ ತಿರುಗಿದೆ.

ಅವರು ನಿಧಾನವಾಗಿ ಹೇಳಿದರು. ವಿಮಾನ ರನ್‌ವೇಯ ತುದಿಗೆ ಹೋಗಿ ತಯಾರಾಗಿ ನಿಂತಿತ್ತು. ಅಲ್ಲಿ ಮಳೆ ಇರಲಿಲ್ಲ, ಗಾಳಿ ಎದುರಿನಿಂದ ಚೆನ್ನಾಗಿ ಬರುತ್ತಿತ್ತು. ಎದುರುಗಾಳಿ ಇದ್ದರೆ ವಿಮಾನಕ್ಕೆ ಆಸರೆ, ಬೇಗ ಏಳುತ್ತದೆ. ಆದರೆ ದೂರದ ಆ ತುದಿಯಲ್ಲಿ ಕೆಂಪು ಧೂಳು ಎದ್ದಿತ್ತು. ಅದು ಇವರ ಕಡೆ ಬರುತ್ತಿರಲಿಲ್ಲ, ಇವರಿಂದ ಆಚೆಗೆ ಓಡುತ್ತಿತ್ತು. ಒಂದೇ ರನ್‌ವೇ, ಈ ತುದಿಯಲ್ಲಿ ಗಾಳಿ ಎದುರಿಗೆ, ಆ ತುದಿಯಲ್ಲಿ ಬೆನ್ನಿಗೆ. ನಡುವೆ ಮೋಡ. ಮೋಡದಿಂದ ತಣ್ಣನೆಯ ಗಾಳಿ ಒಮ್ಮೆಲೇ ನೆಲಕ್ಕೆ ಬಿದ್ದು ಸುತ್ತಲೂ ಚೆಲ್ಲುವಾಗ ಹೀಗಾಗುತ್ತದಂತೆ.

"ವಿಮಾನ ಮೊದಲು ಎದುರುಗಾಳಿಗೆ ಜೋರಾಗಿ ಏಳುತ್ತೆ ಅಮ್ಮ. ಖುಷಿಯಾಗುತ್ತೆ. ಆ ಖುಷಿಯೇ ಮೋಸ. ಮುಂದೆ ಹೋದ ತಕ್ಷಣ ಮೇಲಿಂದ ಒತ್ತುತ್ತೆ, ಅಲ್ಲಿಂದ ದಾಟಿದ್ರೆ ಗಾಳಿ ಬೆನ್ನಿಗೆ ಬಂದುಬಿಡುತ್ತೆ. ಇದ್ದ ಆಸರೆ ಹೋಗುತ್ತೆ. ಆಗಿನ್ನೂ ನೆಲ ಬಿಟ್ಟು ಸ್ವಲ್ಪವೇ ಮೇಲೆ ಇರ್ತೀವಿ. ಸುಧಾರಿಸಿಕೊಳ್ಳೋಕೆ ಎತ್ತರಾನೇ ಇರಲ್ಲ."

ಅವರು ವಿಮಾನ ತಿರುಗಿಸಿ ವಾಪಸ್ ತಂದರು. ಬೆಂಗಳೂರಿನ ಡಾಕ್ಟರು ಮೆಟ್ಟಿಲ ಹತ್ತಿರ ನಿಂತು ಕಿರುಚಿದರಂತೆ. ಅಲ್ಲಿ ಒಂದು ಜೀವ ಕಾಯ್ತಾ ಇದೆ, ಇಲ್ಲಿ ಒಂದು ಹನಿ ಮಳೆಯಿಲ್ಲ, ನಾನು ಸಾಯೋಕೆ ತಯಾರಿದ್ದೀನಿ, ನೀನು ನಡಿ ಅಂದರಂತೆ. ಮಳೆ ಆಮೇಲೆ ಬಂತು. ವಿಮಾನ ನಿಲ್ದಾಣದ ಟವರಿನವರು ಗಾಳಿಯ ಲೆಕ್ಕ ಹೇಳುತ್ತಾರೆ, ಹಾರುವುದು ಬಿಡುವುದು ಮಾತ್ರ ಕ್ಯಾಪ್ಟನ್‌ನ ತಲೆಯ ಮೇಲೆ.

ಅವ್ವ ಎಲ್ಲ ಕೇಳಿದಳು. ಕೇಳಿ, ತನಗೆ ಬೇಕಾದ ಒಂದೇ ಪ್ರಶ್ನೆ ಕೇಳಿದಳು.

"ಹಾರಿದ್ರ ಖರೇನ ಬೀಳ್ತಿತ್ತೇನ್ರಿ?"

ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. ಬೀಳುತ್ತಿತ್ತು, ಅದರಲ್ಲಿದ್ದವರೆಲ್ಲ ಸಾಯುತ್ತಿದ್ದರು, ಹೃದಯ ಹೇಗೂ ಉಳಿಯುತ್ತಿರಲಿಲ್ಲ ಅಂತ ನಾವು ಸಮಾಧಾನ ಮಾಡಿಕೊಳ್ಳುತ್ತಿದ್ದೆವು. ಅವರು ನೆಲ ನೋಡುತ್ತ, "ಗೊತ್ತಿಲ್ಲ ಅಮ್ಮ" ಅಂದರು. "ದಾಟಿಬಿಡ್ತಿತ್ತೇನೋ. ಗೊತ್ತಿಲ್ಲ."

"ಸುಳ್ಳರ ಹೇಳ್ರಲ್ಲಾ!" ಅಂತ ಚೀರಿದೆ ನಾನು. ನನಗೆ ಆ ಸುಳ್ಳು ಬೇಕಿತ್ತು. ಅವ್ವನಿಗೆ ಅದಕ್ಕಿಂತ ಹೆಚ್ಚು ಬೇಕಿತ್ತು. ಆದರೆ ಅವರು ಹೇಳಲಿಲ್ಲ. ಎದ್ದು ಕೈಮುಗಿದು, ಒಂದು ಚೀಟಿಯಲ್ಲಿ ಫೋನ್ ನಂಬರ್ ಬರೆದು ಕಿಟಕಿಯಲ್ಲಿಟ್ಟು ಹೋದರು. ಅದನ್ನು ಹರಿದು ಒಗೆಯಬೇಕು ಅಂದುಕೊಂಡವಳು, ಇನ್ನೊಮ್ಮೆ ಬೈಯಲಿಕ್ಕಾದರೂ ಬೇಕಾಗುತ್ತದೆ ಅಂತ ಮೊಬೈಲಿನಲ್ಲಿ ಹಾಕಿಕೊಂಡೆ.

ಆ ಬುತ್ತಿಯನ್ನು ನಮ್ಮ ಮನೆಯಲ್ಲಿ ಯಾರೂ ಮುಟ್ಟಲಿಲ್ಲ. ರೊಟ್ಟಿ, ಪಲ್ಯ, ಹೋಳಿಗೆ ಎಲ್ಲ ಹೊರಗೆ ಹೋದವು. ಅಗಸಿ ಚಟ್ನಿ ಒಣ ಪುಡಿ, ಕೆಡುವಂಥದ್ದಲ್ಲ, ಡಬ್ಬಿಯಲ್ಲೇ ಉಳಿಯಿತು. ಡಬ್ಬಿ ಒಲೆಯ ಪಕ್ಕದಲ್ಲೇ ಕೂತಿತ್ತು. ತಿರುಗಿ ಕೊಡೋಣ ಅಂದರೆ ಅವ್ವ, "ಬರೇ ಡಬ್ಬಿ ಹ್ಯಾಂಗ ಕೊಡೂದು?" ಅನ್ನುತ್ತಿದ್ದಳು. ತುಂಬಿ ಕೊಡೋಣ ಅಂದರೆ, "ಅವಗ ಯಾಕ ತುಂಬಿ ಕೊಡ್ಲಿ?" ಅನ್ನುತ್ತಿದ್ದಳು. ಹೀಗೆ ಆ ವರ್ಷ ಕಳೆಯಿತು. ಮನೆಯಲ್ಲಿ ನಗು ಇರಲಿಲ್ಲ, ಜಗಳವೂ ಇರಲಿಲ್ಲ. ನಾನು ಶಾಲೆಗೆ ಹೋಗುತ್ತಿದ್ದೆ, ಅವ್ವ ಮಾರುಕಟ್ಟೆಗೆ. ಸಂಜೆ ಇಬ್ಬರೂ ಎದುರುಬದುರು ಕೂತು ಉಂಡು ಮಲಗುತ್ತಿದ್ದೆವು.

ಮತ್ತೆ ಅಡ್ಡಮಳೆಯ ದಿನಗಳು ಬಂದವು. ಒಂದು ದಿನ ಅವ್ವ ಮೊಣಕಾಲಿಗೆ ಅರಿವೆ ಕಟ್ಟಿಕೊಂಡು, ಕುಂಟುತ್ತ, ತಲೆತುಂಬ ಹೊಟ್ಟು ತುಂಬಿಕೊಂಡು ಮನೆಗೆ ಬಂದಳು. ನಾನು ಗಾಬರಿಯಾಗಿ ಏನಾಯಿತು ಅಂದೆ. ನೀರು ಕುಡಿದಳು, ಗೋಡೆಗೆ ಒರಗಿದಳು. ಆಮೇಲೆ ಹೇಳಿದಳು.

ಮಾರುಕಟ್ಟೆಯ ಕಟ್ಟೆಯ ಮೇಲೆ ನಿಂತು ಕಡಲೆ ತೂರುತ್ತಿದ್ದಳಂತೆ. ಮೋಡ ಎದ್ದಿತ್ತು, ಗಾಳಿ ಹದವಾಗಿತ್ತು. ಹೊಟ್ಟು ತಾನಾಗಿ ದೂರ ಹೋಗಿ ಬೀಳುತ್ತಿತ್ತು. ಇಂಥ ಗಾಳಿ ಸಿಗುವುದೇ ಅಪರೂಪ ಅಂತ ಹೆಂಗಸರೆಲ್ಲ ಖುಷಿಯಿಂದ ಬಿರಬಿರನೆ ತೂರುತ್ತಿದ್ದರು. ಅಷ್ಟರಲ್ಲಿ ಗಾಳಿ ಒಮ್ಮೆ ಸತ್ತಂತಾಯಿತು. ಮರುಕ್ಷಣ ಮೇಲಿಂದ ಯಾರೋ ನೂಕಿದಂತೆ ಬಂತು, ಬಂದದ್ದು ತಿರುಗಿ ಬಂತು. ಹೊಟ್ಟೆಲ್ಲ ಕಣ್ಣಿಗೆ, ಬಾಯಿಗೆ. ತಾಡಪತ್ರಿ ಕಿತ್ತುಕೊಂಡು ಹೋಯಿತು. ಮೊರ ಎತ್ತಿ ಹಿಡಿದಿದ್ದ ಅವ್ವ ಕಟ್ಟೆಯಿಂದ ಕೆಳಗೆ ಬಿದ್ದಳು.

"ನನ್ನ ಕಾಲು ನೆಲದ ಮ್ಯಾಲ ಇದ್ದೂ. ಆದ್ರೂ ಬಿದ್ನಿ" ಅಂದಳು ಅವ್ವ. "ಅವನ ಕಾಲು ಎಲ್ಲಿರ್ತಿದ್ದೂ?"

ಇಷ್ಟು ದಿನ ಅವಳ ತಲೆಯಲ್ಲಿ ಆ ಕ್ಯಾಪ್ಟನ್ ಬಿಟ್ಟು ಬೇರೆ ಯಾರೂ ಇರಲಿಲ್ಲ ಅಂತ ಆಗ ತಿಳಿಯಿತು. ಆ ಸಂಜೆ ಅವ್ವ ಒಲೆಯ ಪಕ್ಕದ ಡಬ್ಬಿ ತೆಗೆದು, ವರ್ಷದ ಹಿಂದಿನ ಆ ಚಟ್ನಿಯನ್ನು ಬೆರಳ ತುದಿಯಲ್ಲಿ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡಳು. ಆಮೇಲೆ ಡಬ್ಬಿಯನ್ನು ತೊಳೆದಿಟ್ಟಳು. "ಹೊಸಾದು ಕುಟ್ಟೂಣು. ಅವಗ ಫೋನ್ ಹಚ್ಚು" ಅಂದಳು.

ಹಚ್ಚಿದೆ. ಅವರು ಮುಂದಿನ ಸಲ ಹುಬ್ಬಳ್ಳಿಗೆ ವಿಮಾನ ತಂದಾಗ ಮನೆಗೆ ಬಂದರು. ಆ ಸಲ ಬಾಗಿಲಲ್ಲಿ ಕೂಡಲಿಲ್ಲ, ಅವ್ವ ಒಳಗೆ ಕರೆದು ಚಾಪೆ ಹಾಸಿದಳು. ಎದುರಿಗೆ ಕೂತು ಉಣ್ಣಿಸಿದಳು. ಇನ್ನೊಂದು ರೊಟ್ಟಿ ಬೇಡ ಅಂದದ್ದಕ್ಕೆ, "ವಿಮಾನ ಎಬ್ಬಸಾಂವಾ, ಒಂದು ರೊಟ್ಟಿಗೆ ಸುಸ್ತಾದಿ?" ಅಂತ ಬೈದಳು. ಅವರ ಕಣ್ಣಲ್ಲಿ ನೀರು ಬಂತು. ಖಾರ ಅಂದರು. ನಮ್ಮ ಚಟ್ನಿ ಅಷ್ಟು ಖಾರ ಇರಲಿಲ್ಲ.

ಅಂದಿನಿಂದ ಆ ಡಬ್ಬಿ ಓಡಾಡತೊಡಗಿತು. ಅವ್ವ ತುಂಬಿ ಕಳಿಸುತ್ತಿದ್ದಳು. ಅವರು ಮುಂದಿನ ಸಲ ಬರುವಾಗ ಹೆಂಡತಿ ಮಾಡಿದ ಏನನ್ನಾದರೂ ತುಂಬಿಸಿಕೊಂಡು ಬರುತ್ತಿದ್ದರು. ಚೀಟಿ ಅಂಟಿದ್ದ ಜಾಗದಲ್ಲಿ ಕಪ್ಪು ಕಲೆ ಉಳಿಯಿತು. ಮುಗಿಲು ಕಪ್ಪಾದ ದಿನ ಅವ್ವ ಕೂತಲ್ಲಿ ಕೂಡುತ್ತಿರಲಿಲ್ಲ. ಅವರು ಎಲ್ಲಿರುತ್ತಿದ್ದರೋ, ಯಾವ ರಾಜ್ಯದಲ್ಲಿರುತ್ತಿದ್ದರೋ, ಅವಳಿಗೆ ಅದೆಲ್ಲ ಸಂಬಂಧವಿಲ್ಲ. "ಫೋನ್ ಹಚ್ಚು" ಅನ್ನುತ್ತಿದ್ದಳು. ಹಚ್ಚಿ ಕೊಟ್ಟರೆ, "ಯಪ್ಪಾ, ಇಲ್ಲೆ ಮುಗಿಲ ಕಪ್ಪಾಗೈತಿ. ಇವತ್ತ ಎಬ್ಬಸಬ್ಯಾಡ" ಅನ್ನುವಳು. ಹಾರಲಿಲ್ಲ ಅಂತ ಯಾರ ಬುತ್ತಿ ಮುಟ್ಟಿರಲಿಲ್ಲವೋ, ಅವರಿಗೇ ಹಾರಬೇಡ ಅಂತ ಗೋಗರೆಯುತ್ತಿದ್ದಳು. ಆಯಿತು ಅಂದರೆ ಮುಗಿಯುತ್ತಿತ್ತು. ಅಲ್ಲಿಯೂ ಆ ಪುಣ್ಯಾತ್ಮ ಸುಳ್ಳು ಹೇಳುತ್ತಿರಲಿಲ್ಲ. "ಇಲ್ಲಿ ಬಿಸಿಲಿದೆ ಅಮ್ಮ. ನೋಡ್ಕೊಂಡು ಹಾರ್ತೀನಿ" ಅನ್ನುತ್ತಿದ್ದರು. ಅವ್ವ ಸಂಜೆಯತನಕ ಒದ್ದಾಡಿ, ಇಳಿದ ಸುದ್ದಿ ಬಂದ ಮೇಲೆ ಊಟಕ್ಕೆ ಕೂಡುತ್ತಿದ್ದಳು.

ನನ್ನೊಡನೆ ಅವರು ಒಮ್ಮೆ ಮಾತ್ರ ಆ ದಿನದ ಬಗ್ಗೆ ಮಾತಾಡಿದರು. ಅವ್ವ ಹಿತ್ತಲಲ್ಲಿದ್ದಳು. ಬೆಂಗಳೂರಿನಲ್ಲಿ ಆ ಹೃದಯಕ್ಕೆ ಕಾಯುತ್ತಿದ್ದವರು ಯಾರು, ಗಂಡೋ ಹೆಣ್ಣೋ, ಆಮೇಲೆ ಬೇರೆ ಹೃದಯ ಸಿಕ್ಕಿತೋ ಇಲ್ಲವೋ, ಅವರಿಗೆ ಯಾರೂ ಹೇಳಿರಲಿಲ್ಲ. ಒಂದು ದಿನ ಆ ಆಸ್ಪತ್ರೆಯ ಗೇಟಿನವರೆಗೆ ಹೋಗಿ ತಿರುಗಿ ಬಂದರಂತೆ. "ಒಳಗೆ ಹೋಗಿ ಏನು ಕೇಳೋದು ಟೀಚರ್? ನನ್ನಿಂದ ಯಾರು ಸತ್ರು ಅಂತಾನಾ?" ಅಂದರು. ದಿನಾ ಮಲಗುವ ಮುಂಚೆ ಮನಸ್ಸಿನಲ್ಲೇ ಆ ರನ್‌ವೇಗೆ ಹೋಗಿ ನಿಲ್ಲುತ್ತೇನೆ ಅಂದರು. ಕೆಲವು ದಿನ ವಿಮಾನ ದಾಟಿ ಹೋಗುತ್ತದಂತೆ, ಕೆಲವು ದಿನ... ಹಾರಿ ಬಿದ್ದ ವಿಮಾನಕ್ಕೆ ಸಾಕ್ಷಿ ಇರುತ್ತದೆ. ಹಾರದೆ ನಿಂತದ್ದಕ್ಕೆ ಏನು ಸಾಕ್ಷಿ ಕೊಡಬೇಕು ಆ ಮನುಷ್ಯ?

ಕೊನೆಯ ಸಲ ಬಂದಾಗ ಅಂಗಿಯೊಳಗೆ ಮೈ ಇರಲಿಲ್ಲ. ಅವ್ವನಿಗೆ ಆಗಲೇ ಕಣ್ಣು ಮಂದವಾಗಿತ್ತು. ಕೈ ಹಿಡಿದು ನೋಡಿ, "ಯಾಕೋ ಯಪ್ಪಾ, ಮಣಿಕಟ್ಟ ಕಡ್ಡಿ ಆಗೈತಿ?" ಅಂದಳು. ಅವರು ನಕ್ಕರು. ಹೋಗುವಾಗ ಓಣಿಯ ತುದಿಯವರೆಗೆ ನಾನು ಹೋದೆ. ಹೊಟ್ಟೆಯಲ್ಲಿ ರೋಗ ಸೇರಿದೆ, ವಿಮಾನ ಹಾರಿಸುವುದು ಬಿಟ್ಟಾಗಿದೆ, ಈ ಸಲ ಮೈಸೂರಿನ ಮನೆಯಿಂದ ರೈಲಿನಲ್ಲಿ ಬಂದೆ ಅಂದರು. "ಅಮ್ಮನಿಗೆ ನೀವಾಗಿ ಹೇಳ್ಬೇಡಿ. ಅವರಾಗಿ ಕೇಳಿದ್ರೆ ಮಾತ್ರ ಸುಳ್ಳು ಹೇಳ್ಬೇಡಿ" ಅಂದರು. ಡಬ್ಬಿ ಆ ಸಲ ನಮ್ಮಲ್ಲೇ ಉಳಿಯಿತು, ಮುಂದಿನ ಸಲ ಒಯ್ಯುತ್ತೇನೆ ಅಂದಿದ್ದರು. ಹಬ್ಬಗಳೆಲ್ಲ ಮುಗಿದ ಮೇಲೆ ಅವರ ಹೆಂಡತಿಯ ಫೋನು ಬಂತು. ನಾನು ಶಾಲೆಯ ಮೈದಾನದಲ್ಲಿ, ಬಿಸಿಲಿನಲ್ಲಿ ನಿಂತು ಕೇಳಿಸಿಕೊಂಡೆ. ತಮ್ಮ ಹೋದಾಗಲೂ ಹಾಗೆ ಅತ್ತಿರಲಿಲ್ಲ ನಾನು.

ಅವ್ವನಿಗೆ ಹೇಳಲಿಲ್ಲ. ಈ ವರ್ಷದ ಅಡ್ಡಮಳೆ ಶುರುವಾದ ಮೇಲೆ ಆಕೆ ಫೋನ್ ಹಚ್ಚು ಅಂದಾಗಲೆಲ್ಲ, ಯಾರಿಗೂ ಹಚ್ಚದೆ ಕಿವಿಗೆ ಹಿಡಿದು ನಾಲ್ಕು ಮಾತಾಡಿದಂತೆ ಮಾಡುತ್ತಿದ್ದೆ. "ಇವತ್ತ ಹಾರೂದಿಲ್ಲಂತವ್ವ" ಅನ್ನುತ್ತಿದ್ದೆ. "ಛಲೋ ಆತು" ಅಂತ ಆಕೆ ಕಾಲು ಚಾಚುತ್ತಿದ್ದಳು. ಆ ಮನುಷ್ಯ ಒಂದು ದಿನವೂ ಹೇಳದ ಸುಳ್ಳನ್ನು ಮಳೆ ಬಂದಷ್ಟು ಸಲ ನಾನು ಹೇಳಿದ್ದೇನೆ.

ನಿನ್ನೆಯೂ ಮುಗಿಲು ಕಪ್ಪಾಗಿತ್ತು. ಅದಕ್ಕೇ ಡಬ್ಬಿ ಇಳಿಸು ಅಂದದ್ದು. ಬಹಳ ದಿನ ನಮ್ಮಲ್ಲೇ ಉಳಿಯಿತು, ತುಂಬಿಡೋಣ, ಇಂದೋ ನಾಳೆಯೋ ಬಂದಾನು ಅಂದಳು. ನಾನು ಸ್ಟೂಲಿನ ಮೇಲೆ ಮುಚ್ಚಳ ಹಿಡಿದು ನಿಂತೇ ಇದ್ದೆ.

"ಯಾವಾಗ ಬರ್ತಾನಂತ?" ಅಂದಳು ಕೆಳಗಿನಿಂದ.

ಅದಕ್ಕೆ ನನ್ನ ಹತ್ತಿರ ಸುಳ್ಳು ಇರಲಿಲ್ಲ. ಹುಡುಕಿದೆ, ಸಿಗಲಿಲ್ಲ. "ಗೊತ್ತಿಲ್ಲವ್ವ" ಅಂದೆ.

ಹೊರಗೆ ಗಾಳಿ ಎದ್ದು ಬಾಗಿಲು ಬಡಿಯಿತು. "ಅಂವಾ ಅಂದಂಗ ಅಂದಿ ನೋಡು" ಅಂದಳು. ಆಮೇಲೆ, "ಅದಾನೋ ಇಲ್ಲೋ?" ಅಂದಳು.

ಅವಳಾಗಿಯೇ ಕೇಳಿದಳು. ಸ್ಟೂಲಿನಿಂದ ಇಳಿದು ಅವಳ ಪಕ್ಕ ಕೂತು, "ಇಲ್ಲವ್ವ" ಅಂದೆ.

"ಗಾಳಿಗೇನು?"

"ಅಲ್ಲವ್ವ. ಮನ್ಯಾಗ, ಹಾಸಿಗ್ಯಾಗ. ಹೊಟ್ಟ್ಯಾಗ ಬ್ಯಾನಿ ಇತ್ತು."

"ಗಾಳಿಗೆ ಸಿಗಲಿಲ್ಲ ಹಂಗಾದ್ರ" ಅಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ನನ್ನನ್ನು ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. ಡಬ್ಬಿಯ ಮೇಲೆ ಕೈಯಾಡಿಸಿ, ಆ ಚೀಟಿಯ ಕಲೆಯ ಹತ್ತಿರ ಬೆರಳು ನಿಲ್ಲಿಸಿ, "ಅಗಸಿ ಹುರಿ. ಅವನ ಮನಿಗೆ ಬುತ್ತಿ ಒಯ್ಯಬೇಕು" ಅಂದಳು. ಇಷ್ಟು ತಿಂಗಳ ಮೇಲೆ ಯಾರೂ ಬುತ್ತಿ ಒಯ್ಯುವುದಿಲ್ಲವ್ವ ಅಂತ ನಾನು ಅನ್ನಲಿಲ್ಲ.

ಈಗ ಮನೆಯ ತುಂಬ ಅಗಸಿ ಹುರಿದ ವಾಸನೆ. ಮಳೆ ನಿಂತಿದೆ, ರೊಟ್ಟಿ ಬಡಿದಾಗಿದೆ. ಮೈಸೂರಿನ ರೈಲಿಗೆ ಅವ್ವ ತಾನೂ ಬರುತ್ತೇನೆ ಅಂತ ಹೊಸ ಸೀರೆ ಉಟ್ಟು ಕೂತಿದ್ದಾಳೆ, ಬೇಡ ಅಂದರೆ ಕೇಳುವುದಿಲ್ಲ. ಡಬ್ಬಿಗೆ ಮುಚ್ಚಳ ಹಾಕುವ ಮುಂಚೆ ಒಂದೊಂದೇ ಖಾನೆ ಮುಟ್ಟಿ ನೋಡಿದಳು.

"ಹೋಳಿಗಿ ಹಾಕಿಲ್ಲಲ್ಲ?" ಅಂದಳು.

"ಇಲ್ಲವ್ವ" ಅಂದೆ.